ಒಂದು ತಂಡಕ್ಕೆ ಒಬ್ಬನೇ ಕೀಪರ್: ತುಮಕೂರಿನ ಹುಡುಗನೊಬ್ಬನ ಮುಂದಿರುವ ದಾರಿ

ಶಿರಾ ಗೇಟ್ ನಿವಾಸಿ:

ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನನ್ನ ಅಣ್ಣನ ಮಗ ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾನೆ. ಶಾಲೆಯ ತಂಡಕ್ಕೆ ಅವನೇ ವಿಕೆಟ್ ಕೀಪರ್. ಬ್ಯಾಟಿಂಗಿಗೆ ಆರನೆಯವನಾಗಿಯೋ ಏಳನೆಯವನಾಗಿಯೋ ಇಳಿದು ಇಪ್ಪತ್ತೋ ಮೂವತ್ತೋ ರನ್ ಸೇರಿಸುತ್ತಾನೆಯೇ ಹೊರತು ಶತಕ ಹೊಡೆದು ಪತ್ರಿಕೆಯಲ್ಲಿ ಹೆಸರು ಬರುವಂಥ ಆಟಗಾರನಲ್ಲ. ಆದರೆ ಗ್ಲೌಸ್ ತೊಟ್ಟು ಸ್ಟಂಪಿನ ಹಿಂದೆ ಕುಳಿತನೆಂದರೆ ನೋಡುವವರಿಗೆ ಸಂತೋಷವಾಗುತ್ತದೆ. ಇತ್ತೀಚೆಗೆ ಜೂನಿಯರ್ ಕಾಲೇಜು ಮೈದಾನದಲ್ಲಿ ನಡೆದ ಪಂದ್ಯವೊಂದರಲ್ಲಿ ಆಫ್ ಸ್ಪಿನ್ನರನ ಚೆಂಡು ಬ್ಯಾಟ್ಸ್‌ಮನ್ನಿನ ಪ್ಯಾಡಿನ ಹಿಂದೆ ಮರೆಯಾಗಿ ಲೆಗ್ ಸೈಡಿಗೆ ಜಾರಿತು. ಇವನು ಒಂದೇ ಹೆಜ್ಜೆ ಎಡಕ್ಕೆ ಸರಿದು ಅದನ್ನು ಹಿಡಿದ. ಆಯತಪ್ಪಿದ ಬ್ಯಾಟ್ಸ್‌ಮನ್ ಕಾಲನ್ನು ಕ್ರೀಸಿಗೆ ಮರಳಿ ತರುವಷ್ಟರಲ್ಲಿ ಸ್ಟಂಪಿನ ಮೇಲಿನ ಬೇಲ್ಸ್ ಕೆಳಗೆ ಬಿದ್ದಿದ್ದವು. ಸ್ಕ್ವೇರ್ ಲೆಗ್ಗಿನಲ್ಲಿದ್ದ ಅಂಪೈರ್ ಒಂದು ಕ್ಷಣವೂ ಯೋಚಿಸದೆ ಬೆರಳೆತ್ತಿದರು.

ಅವನನ್ನು ಒಂದು ತರಬೇತಿ ಶಿಬಿರಕ್ಕೆ ಸೇರಿಸಿದ್ದೆವು. ಅಲ್ಲಿ ಅವನಿಗೆ ಸಿಕ್ಕ ಉಪದೇಶವೆಂದರೆ, ಮೊದಲು ಬ್ಯಾಟಿಂಗ್ ಸರಿ ಮಾಡಿಕೋ, ಗ್ಲೌಸ್ ಯಾರು ಬೇಕಾದರೂ ಹಾಕಿಕೊಳ್ಳಬಹುದು ಎಂಬುದು. ನೆಟ್ಸ್‌ನಲ್ಲಿ ಬ್ಯಾಟ್ಸ್‌ಮನ್ನರಿಗೆ ಸರದಿಯುಂಟು, ಬೌಲರುಗಳಿಗೂ ಸರದಿಯುಂಟು. ಕೀಪರಿಗೆ ಮಾತ್ರ ಪಕ್ಕದಲ್ಲಿ ನಿಂತು ಚೆಂಡು ಹೆಕ್ಕಿಕೊಡುವ ಕೆಲಸ. ಅಣ್ಣನಿಗೆ ಮಗ ಪಿಯುಸಿಯಲ್ಲಿ ವಿಜ್ಞಾನ ಓದಲಿ ಎಂಬ ಆಸೆ. ಹುಡುಗ ನನ್ನ ಬಳಿ ಬಂದು "ಚಿಕ್ಕಪ್ಪ, ನೀವೇ ಅಪ್ಪನಿಗೆ ಹೇಳಿ" ಎನ್ನುತ್ತಾನೆ. ಏನೆಂದು ಹೇಳಲಿ? ಕೀಪಿಂಗ್ ಎನ್ನುವುದು ತಾನೇ ಒಂದು ವೃತ್ತಿಯಾಗಬಲ್ಲದೇ, ಅಥವಾ ಇಂದಿನ ದಿನಗಳಲ್ಲಿ ಅದು ಬ್ಯಾಟಿಂಗಿನ ಜೊತೆಗೆ ಕೊಡುವ ಹೆಚ್ಚುವರಿ ಅರ್ಹತೆ ಮಾತ್ರವೇ? ಆಟವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಕ್ಯಾತ್ಸಂದ್ರದ ಹಳೆಯ ಕೀಪರ್:

ಸರ್, ಬೆಂಗಳೂರು ಲೀಗಿನ ಕೆಳಗಿನ ಡಿವಿಷನ್‌ಗಳಲ್ಲಿ ಹಲವು ವರ್ಷ ಗ್ಲೌಸ್ ತೊಟ್ಟವನು ನಾನು; ಈಗ ಇಲ್ಲಿ ಕೆಲವು ಮಕ್ಕಳಿಗೆ ಹೇಳಿಕೊಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಈ ವೃತ್ತಿಯ ಮೂಲ ಕಷ್ಟವನ್ನು ಹೇಳಿಬಿಡುತ್ತೇನೆ. ಹನ್ನೊಂದು ಜನರ ತಂಡದಲ್ಲಿ ಬ್ಯಾಟ್ಸ್‌ಮನ್ನರಿಗೆ ಐದಾರು ಜಾಗಗಳಿವೆ, ಬೌಲರುಗಳಿಗೆ ನಾಲ್ಕೈದು ಜಾಗಗಳಿವೆ, ಕೀಪರಿಗೆ ಇರುವುದು ಒಂದೇ ಜಾಗ. ಅಲ್ಲಿ ಒಬ್ಬ ಚೆನ್ನಾಗಿ ಆಡುತ್ತಿದ್ದರೆ ಅವನ ಹಿಂದಿರುವವನು ಎಷ್ಟೇ ಪ್ರತಿಭಾವಂತನಾಗಿದ್ದರೂ ಕಾಯಬೇಕು. ಮೂರನೆಯ ವೇಗಿಯಾಗಿಯೋ ಆರನೆಯ ಬ್ಯಾಟ್ಸ್‌ಮನ್ ಆಗಿಯೋ ನುಸುಳುವ ಅವಕಾಶ ಅವನಿಗಿಲ್ಲ.

ನಮ್ಮ ಸೈಯದ್ ಕಿರ್ಮಾನಿಯವರನ್ನೇ ನೋಡಿ. 1971ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದರು, 1974ರಲ್ಲಿ ಮತ್ತೆ ಹೋದರು; ಎರಡು ಬಾರಿಯೂ ಫಾರೂಕ್ ಎಂಜಿನಿಯರ್ ಟೆಸ್ಟ್ ಆಡಿದರು, ಇವರು ಕಾದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ. ಆಗ ಅವರಿಗೆ 26 ವರ್ಷ. ಮರು ಪಂದ್ಯದಲ್ಲಿಯೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದು ಇನಿಂಗ್ಸ್‌ನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅಷ್ಟು ವರ್ಷ ಕಾದವನು ಕಾಯುವಾಗ ಏನು ಮಾಡುತ್ತಿದ್ದ ಎಂಬುದಕ್ಕೆ ಆ ಆರು ವಿಕೆಟ್‌ಗಳೇ ಉತ್ತರ. 1979ರ ವಿಶ್ವಕಪ್ಪಿಗೂ ಅದೇ ವರ್ಷದ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಟ್ಟರು. ಅವರು ಮರಳಿ ಬಂದು ಮುಂಬೈಯಲ್ಲಿ ಆಸ್ಟ್ರೇಲಿಯದ ಎದುರು ನೈಟ್ ವಾಚ್‌ಮನ್ ಆಗಿ (ದಿನದಾಟ ಮುಗಿಯುವ ಹೊತ್ತಿಗೆ ಮುಖ್ಯ ಬ್ಯಾಟ್ಸ್‌ಮನ್ನಿನ ಬದಲು ಬರುವ ಕೆಳಕ್ರಮಾಂಕದವನಾಗಿ) ಇಳಿದು ಅಜೇಯ 101 ಹೊಡೆದರು. 1981-82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಒಂದೇ ಒಂದು ಬೈ ರನ್, ಅಂದರೆ ಬ್ಯಾಟಿಗೂ ಮೈಗೂ ತಗಲದ ಚೆಂಡು ಕೀಪರನ ಕೈತಪ್ಪಿದಾಗ ಎದುರಾಳಿಗೆ ಸಿಗುವ ರನ್, ಕೊಡಲಿಲ್ಲ. ಒಟ್ಟು 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್. ಪ್ರಸನ್ನ, ಬೇಡಿ, ವೆಂಕಟರಾಘವನ್, ಚಂದ್ರಶೇಖರ್ ಈ ನಾಲ್ವರು ಸ್ಪಿನ್ನರುಗಳಿಗೂ ಕೀಪಿಂಗ್ ಮಾಡಿದ ಕೈಗಳವು. ಚಂದ್ರಶೇಖರರ ಗೂಗ್ಲಿ ಮಧ್ಯಮ ವೇಗಿಯ ಚೆಂಡಿನಷ್ಟೇ ಜೋರಾಗಿ ಬರುತ್ತಿತ್ತು. ಅಂಥ ಬೌಲಿಂಗಿಗೆ ಸ್ಟಂಪಿಗೆ ಅಂಟಿಕೊಂಡು ಕುಳಿತುಕೊಳ್ಳುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂದು ಹೇಳುವವರು ಒಂದು ಓವರ್ ಕುಳಿತು ನೋಡಲಿ.

ಇನ್ನು ಲೆಗ್ ಸೈಡ್ ಸ್ಟಂಪಿಂಗ್ ಬಗ್ಗೆ ನೀವು ಬರೆದದ್ದನ್ನು ಓದಿ ನನಗೆ ಆ ಹುಡುಗನನ್ನು ನೋಡಬೇಕೆನಿಸಿದೆ. ಅಲ್ಲಿ ನಡೆಯುವುದೇನೆಂದರೆ, ಬ್ಯಾಟ್ಸ್‌ಮನ್ನಿನ ದೇಹ ಅಡ್ಡ ಬರುವುದರಿಂದ ಚೆಂಡು ಅರೆಕ್ಷಣ ಕಾಣುವುದೇ ಇಲ್ಲ. ಹೆಚ್ಚಿನ ಹುಡುಗರು ಆಗ ಗಾಬರಿಯಿಂದ ಮೊದಲೇ ಎದ್ದು ನಿಲ್ಲುತ್ತಾರೆ, ಚೆಂಡು ಕೆಳಗಿನಿಂದ ಹೋಗಿಬಿಡುತ್ತದೆ. ಕಲಿತವನು ಕೆಳಗೇ ಇರುತ್ತಾನೆ. ಬೌಲರನ ಕೈಯಿಂದ ಚೆಂಡು ಬಿಟ್ಟ ರೀತಿ ಮತ್ತು ಅದು ಬಿದ್ದ ಜಾಗ, ಇವೆರಡರಿಂದಲೇ ಎಲ್ಲಿ ಹೊರಬರುತ್ತದೆಂದು ಲೆಕ್ಕ ಹಾಕಿ ತಲೆಯನ್ನು ಅಲ್ಲಿಗೆ ಒಯ್ಯುತ್ತಾನೆ. ಕೈಗಳು ಚೆಂಡಿನ ಪುಟಿತದೊಂದಿಗೇ ಮೇಲೇಳುತ್ತವೆ, ಅದಕ್ಕಿಂತ ಮೊದಲಲ್ಲ. ಇದನ್ನು ಹೇಳಿಕೊಡದೆಯೇ ನಿಮ್ಮ ಹುಡುಗ ಮಾಡಿದ್ದಾನೆಂದರೆ ಅವನ ಕಣ್ಣು ಚೆನ್ನಾಗಿದೆ ಎಂದರ್ಥ.

ತಿಪಟೂರಿನ ಓದುಗ:

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಕಿರ್ಮಾನಿಯವರ ಕಾಲ ಬೇರೆ, ಇಂದಿನ ಕಾಲ ಬೇರೆ. 1999ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಆ್ಯಡಮ್ ಗಿಲ್‌ಕ್ರಿಸ್ಟ್ ಟೆಸ್ಟ್ ಆಡಲು ಬಂದ ಮೇಲೆ ಈ ಜಾಗದ ಅರ್ಥವೇ ಬದಲಾಯಿತು. 96 ಟೆಸ್ಟ್‌ಗಳಲ್ಲಿ 17 ಶತಕ ಹೊಡೆದ ಕೀಪರ್ ಇರುವಾಗ, ಕೀಪಿಂಗ್ ಮಾತ್ರ ಬಲ್ಲವನನ್ನು ಆಯ್ಕೆ ಸಮಿತಿ ಏಕೆ ನೋಡಬೇಕು? ನಮ್ಮ ಕರ್ನಾಟಕದ ಉದಾಹರಣೆಯೇ ಸಾಕು. 2003ರ ವಿಶ್ವಕಪ್ಪಿನಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್ನಿಗೆ ಜಾಗ ಮಾಡಿಕೊಡುವುದಕ್ಕಾಗಿ ರಾಹುಲ್ ದ್ರಾವಿಡ್ ಗ್ಲೌಸ್ ತೊಟ್ಟರು, 16 ಮಂದಿಯನ್ನು ಔಟ್ ಮಾಡಿದರು. ಒಂದೇ ವಿಶ್ವಕಪ್ಪಿನಲ್ಲಿ ಭಾರತದ ಕೀಪರನೊಬ್ಬನ ಆ ದಾಖಲೆಯನ್ನು 2023ರಲ್ಲಿ 17ಕ್ಕೆ ಏರಿಸಿದವರು ಕೆ.ಎಲ್. ರಾಹುಲ್, ಅವರೂ ಮೂಲತಃ ಬ್ಯಾಟ್ಸ್‌ಮನ್, ಆ ಕೂಟದಲ್ಲಿ 452 ರನ್ ಹೊಡೆದವರು. ಅಂದರೆ ದೇಶಕ್ಕೆ ವಿಶ್ವಕಪ್ಪಿನಲ್ಲಿ ಕೀಪಿಂಗ್ ಮಾಡಿದ ನಮ್ಮ ರಾಜ್ಯದ ಈ ಇಬ್ಬರೂ ಬ್ಯಾಟಿನ ಬಲದಿಂದಲೇ ತಂಡದೊಳಗೆ ಬಂದವರು. ನಮ್ಮ ರಾಜ್ಯ ತಂಡಕ್ಕೆ ಗ್ಲೌಸ್ ತೊಟ್ಟ ಕೆ.ಎಲ್. ಶ್ರೀಜಿತ್ 2024ರ ಡಿಸೆಂಬರಿನಲ್ಲಿ ರಾಜ್ಯಗಳ ಏಕದಿನ ಕೂಟವಾದ ವಿಜಯ್ ಹಜಾರೆ ಟ್ರೋಫಿಯಲ್ಲಿ ಮುಂಬೈ ಎದುರು ಅಜೇಯ 150 ಹೊಡೆದು 383ರ ಗುರಿಯನ್ನು ಮುಟ್ಟಿಸಿದರು. ಹುಡುಗನಿಗೆ ಏಳನೆಯ ಕ್ರಮಾಂಕದಲ್ಲಿ ಇಪ್ಪತ್ತು ರನ್ ಸಾಕು ಎಂದು ಹೇಳುವುದು ಅವನಿಗೆ ಮಾಡುವ ಉಪಕಾರವಲ್ಲ. ಶಿಬಿರದವರ ಮಾತು ಒರಟಾಗಿರಬಹುದು, ಸುಳ್ಳಲ್ಲ.

ಕ್ಯಾತ್ಸಂದ್ರದ ಹಳೆಯ ಕೀಪರ್:

ತಿಪಟೂರಿನವರೇ, ಬ್ಯಾಟಿಂಗ್ ಬೇಡವೆಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ನೀವು ಕೊಟ್ಟ ಉದಾಹರಣೆಗಳಲ್ಲಿಯೇ ಒಂದು ಸಂಗತಿ ಅಡಗಿದೆ. ದ್ರಾವಿಡ್ ಶಾಲಾ ದಿನಗಳಲ್ಲಿಯೇ ಕೀಪಿಂಗ್ ಮಾಡುತ್ತಿದ್ದವರು. 1999ರ ವಿಶ್ವಕಪ್ಪಿನಲ್ಲಿ ಟಾಂಟನ್ನಿನಲ್ಲಿ ಶ್ರೀಲಂಕಾ ವಿರುದ್ಧ 145 ರನ್ ಹೊಡೆದ ದಿನವೂ ಅವರ ಕೈಯಲ್ಲಿ ಗ್ಲೌಸ್ ಇತ್ತು. ಎಳೆಯ ವಯಸ್ಸಿನಲ್ಲಿ ಕಲಿತ ವಿದ್ಯೆ ಬೇಕಾದಾಗ ಒದಗಿತು. ಎಳೆಯ ವಯಸ್ಸಿನಲ್ಲಿ ಕಲಿಸದಿದ್ದರೆ ಯಾವಾಗ ಕಲಿಸುವುದು? ನನ್ನ ಆಕ್ಷೇಪವಿರುವುದು ಇಷ್ಟಕ್ಕೇ.

ಮತ್ತೊಂದು ಮಾತು. ಕೀಪರನ ರನ್‌ಗಳನ್ನು ಎಲ್ಲರೂ ಎಣಿಸುತ್ತಾರೆ. ಅವನು ಬಿಟ್ಟ ಕ್ಯಾಚಿನಿಂದ ಎದುರಾಳಿ ಹೊಡೆದ ರನ್‌ಗಳನ್ನು ಅವನ ಖಾತೆಗೆ ಯಾರೂ ಬರೆಯುವುದಿಲ್ಲ. 1990ರಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಗ್ರಹಾಂ ಗೂಚ್ 36 ರನ್ ಗಳಿಸಿದ್ದಾಗ ನಮ್ಮ ಕೀಪರ್ ಕಿರಣ್ ಮೋರೆಯವರ ಕೈಯಿಂದ ಕ್ಯಾಚ್ ಜಾರಿತು. ಗೂಚ್ ಔಟಾದದ್ದು 333ಕ್ಕೆ. ಏಳನೆಯ ಕ್ರಮಾಂಕದಲ್ಲಿ ಎಷ್ಟು ರನ್ ಹೊಡೆದರೆ ಆ 297 ತೀರೀತು? ಇದೇ ಮೋರೆ 1988ರ ಜನವರಿಯಲ್ಲಿ ಚೆನ್ನೈಯಲ್ಲಿ ನರೇಂದ್ರ ಹಿರ್ವಾನಿ 16 ವಿಕೆಟ್ ಪಡೆದ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸಿನ ಎರಡನೆಯ ಇನಿಂಗ್ಸ್ ಒಂದರಲ್ಲಿಯೇ ಐವರನ್ನು ಸ್ಟಂಪ್ ಮಾಡಿದವರು. ಅಷ್ಟು ದೊಡ್ಡ ಕೀಪರನಿಗೂ ಒಂದು ಚೆಂಡು ಜಾರಿದರೆ ಪಂದ್ಯದ ದಿಕ್ಕು ಬದಲಾಗುತ್ತದೆ. ಹೀಗಿರುವಾಗ ಗ್ಲೌಸ್ ಯಾರು ಬೇಕಾದರೂ ಹಾಕಿಕೊಳ್ಳಬಹುದು ಎನ್ನುವ ಮಾತು ಮಕ್ಕಳ ಕಿವಿಗೆ ಬೀಳಲೇಬಾರದು.

ಕೆ.ಜಿ.ಎಫ್. ಅಂಪೈರ್:

ನಾನು ಜಿಲ್ಲಾ ಮಟ್ಟದ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆಯ ಮಕ್ಕಳ ಆಟವನ್ನು ಕಂಡಿದ್ದೇನೆ. ಕೀಪರನಿಗೆ ನಿಯಮಗಳ ಪಾಠವನ್ನು ಯಾರೂ ಮಾಡುವುದಿಲ್ಲ ಎಂಬುದು ನನ್ನ ಬೇಸರ. ಮೈದಾನದಲ್ಲಿ ಗ್ಲೌಸ್ ಮತ್ತು ಹೊರಗೆ ಕಾಣುವ ಪ್ಯಾಡ್ ತೊಡುವ ಹಕ್ಕು ಫೀಲ್ಡಿಂಗ್ ತಂಡದಲ್ಲಿ ಅವನೊಬ್ಬನಿಗೇ ಇದೆ. ಅವನಿಗಾಗಿಯೇ ಪ್ರತ್ಯೇಕ ನಿಯಮವೂ ಇದೆ, ಅದು 27ನೆಯದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಟ್ಟು ಬೇರೆ ಯಾವ ಬೆರಳುಗಳ ನಡುವೆಯೂ ಗ್ಲೌಸಿಗೆ ಜಾಲರಿ ಇರಬಾರದು. ಚೆಂಡು ಬ್ಯಾಟಿಗೋ ಬ್ಯಾಟ್ಸ್‌ಮನ್ನಿನ ಮೈಗೋ ತಗಲುವ ತನಕ, ಇಲ್ಲವೇ ಸ್ಟಂಪನ್ನು ದಾಟುವ ತನಕ, ಇಲ್ಲವೇ ಬ್ಯಾಟ್ಸ್‌ಮನ್ ರನ್ನಿಗೆ ಹೊರಡುವ ತನಕ ಕೀಪರ್ ಪೂರ್ತಿಯಾಗಿ ಸ್ಟಂಪಿನ ಹಿಂದೆಯೇ ಇರಬೇಕು. ಆತುರದ ಹುಡುಗರು ಗ್ಲೌಸಿನ ತುದಿಯನ್ನು ಮುಂದೆ ಚಾಚಿ ಚೆಂಡು ಹಿಡಿಯುತ್ತಾರೆ. ನಾನು ನೋ ಬಾಲ್ ಕೊಡಬೇಕಾಗುತ್ತದೆ, ಸುಂದರವಾದ ಸ್ಟಂಪಿಂಗ್ ಒಂದು ವ್ಯರ್ಥವಾಗುತ್ತದೆ. ಒಂದು ಕೈಯಲ್ಲಿ ಚೆಂಡು ಹಿಡಿದು ಇನ್ನೊಂದು ಕೈಯಿಂದ ಬೇಲ್ಸ್ ಉರುಳಿಸಿ ಕೂಗುವವರೂ ಇದ್ದಾರೆ. ಚೆಂಡು ಯಾವ ಕೈಯಲ್ಲಿದೆಯೋ ಆ ಕೈಯೇ ಸ್ಟಂಪಿಗೆ ತಗಲಬೇಕು, ಅಥವಾ ಎರಡೂ ಕೈ ಸೇರಿರಬೇಕು. ಹೆಲ್ಮೆಟ್ಟನ್ನು ತೆಗೆದು ಹಿಂದೆ ನೆಲದ ಮೇಲೆ ಇಟ್ಟಾಗ ಚೆಂಡು ಅದಕ್ಕೆ ತಗಲಿದರೆ ಎದುರಾಳಿಗೆ ಐದು ರನ್ ಹೋಗುತ್ತದೆ.

ಕೀಪರನಷ್ಟು ಹತ್ತಿರದಿಂದ, ಅಷ್ಟು ನೇರವಾಗಿ ಪ್ರತಿ ಚೆಂಡನ್ನೂ ನೋಡುವವರು ಅಂಪೈರ್ ಬಿಟ್ಟರೆ ಮತ್ತೊಬ್ಬರಿಲ್ಲ. ಆದ್ದರಿಂದಲೇ ಇರಬೇಕು, ಭಾರತಕ್ಕೆ ಕೀಪಿಂಗ್ ಮಾಡಿದ್ದ ಸದಾನಂದ ವಿಶ್ವನಾಥ್ ಆಟ ಬಿಟ್ಟ ಮೇಲೆ ಅಂಪೈರಿಂಗ್ ಕಡೆಗೆ ಬಂದರು. 1985ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್‌ನಲ್ಲಿ ಶಿವರಾಮಕೃಷ್ಣನ್ ಬೌಲಿಂಗಿನಲ್ಲಿ ಜಾವೇದ್ ಮಿಯಾಂದಾದ್ ಅವರನ್ನು ಸ್ಟಂಪ್ ಮಾಡಿದವರು ಅವರು. ಬೆಂಗಳೂರಿನ ಹುಡುಗ, 22ರ ವಯಸ್ಸು, ಮಾತು, ಚುರುಕು, ಧೈರ್ಯ ಎಲ್ಲವೂ ಇತ್ತು. ಆದರೆ ಆಡಿದ್ದು ಮೂರೇ ಟೆಸ್ಟ್, 22 ಏಕದಿನ ಪಂದ್ಯ. ವೃತ್ತಿಯ ಬಗ್ಗೆ ಕೇಳಿರುವ ಶಿರಾ ಗೇಟಿನವರು ಕಿರ್ಮಾನಿಯವರ 88 ಟೆಸ್ಟ್‌ಗಳ ಪಕ್ಕದಲ್ಲಿ ಈ ಮೂರನ್ನೂ ಇಟ್ಟುಕೊಂಡೇ ಯೋಚಿಸಬೇಕು.

ಚಿಂತಾಮಣಿಯ ತಾಯಿ:

ಈ ಚರ್ಚೆಯಲ್ಲಿ ಹುಡುಗರ ಮಾತೇ ನಡೆದಿದೆ. ನನ್ನ ಮಗಳು ಹದಿಮೂರು ವರ್ಷದವಳು, ಅವಳೂ ಕೀಪರ್. ಹೆಣ್ಣುಮಕ್ಕಳ ತಂಡವೇ ಇಲ್ಲದ್ದರಿಂದ ಹುಡುಗರ ಜೊತೆಯಲ್ಲಿಯೇ ಅಭ್ಯಾಸ ಮಾಡುತ್ತಾಳೆ. ಭಾರತ ಮಹಿಳಾ ತಂಡದ ಕೀಪರ್ ಆಗಿದ್ದ ನಮ್ಮ ವಿ. ಕಲ್ಪನಾ ಅವರ ಹೆಸರನ್ನು ಇಲ್ಲಿ ಯಾರಾದರೂ ಬರೆಯುತ್ತಾರೇನೋ ಎಂದು ಕಾದೆ. 1993ರ ಮಹಿಳಾ ವಿಶ್ವಕಪ್ಪಿನಲ್ಲಿ ಡೆನ್ಮಾರ್ಕ್ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿಯನ್ನು ಔಟ್ ಮಾಡಿದವರು ಅವರು, ಅದರಲ್ಲಿ ಐದು ಸ್ಟಂಪಿಂಗ್. ಮಗಳಿಗೆ ನಾನು ಮೊದಲು ಹೇಳಿದ ಕ್ರಿಕೆಟ್ ಕಥೆ ಅದೇ.

ನನ್ನ ಚಿಂತೆ ಬೇರೆ. ಅವಳ ಕೈಗೆ ಸರಿಹೊಂದುವ ಗ್ಲೌಸ್ ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ದೊಡ್ಡವರ ಗ್ಲೌಸ್ ತೊಟ್ಟರೆ ಬೆರಳ ತುದಿಯಲ್ಲಿ ಖಾಲಿ ಉಳಿದು ಚೆಂಡು ಅಲ್ಲಿಯೇ ಬಡಿದು ಜಾರುತ್ತದೆ. ಎರಡು ತಿಂಗಳ ಹಿಂದೆ ಉಂಗುರದ ಬೆರಳಿನ ತುದಿಗೆ ಪೆಟ್ಟಾಗಿ ಅದು ಬಾಗಿಕೊಂಡೇ ಇದೆ, ನೆಟ್ಟಗಾಗುತ್ತಿಲ್ಲ. ಸುಳುಕು, ತಾನೇ ಸರಿಹೋಗುತ್ತದೆ ಎಂದು ಅಭ್ಯಾಸದ ಜಾಗದಲ್ಲಿ ಹೇಳಿದರು. ಇದು ಸಾಮಾನ್ಯವೇ? ಮೊಣಕಾಲು, ಕಣ್ಣು ಇವುಗಳ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮೂಳೆ ವೈದ್ಯ, ತುಮಕೂರು:

ಅಮ್ಮ, ದಯವಿಟ್ಟು ಮಗಳನ್ನು ಕೂಡಲೇ ಮೂಳೆ ತಜ್ಞರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ನೀವು ವಿವರಿಸಿದಂತೆ ಬೆರಳ ತುದಿ ಬಾಗಿ ತಾನಾಗಿ ನೆಟ್ಟಗಾಗದಿದ್ದರೆ, ತುದಿಯ ಕೀಲನ್ನು ಎತ್ತುವ ಸ್ನಾಯುರಜ್ಜು ಹರಿದಿರಬಹುದು, ಅಥವಾ ಅದು ಅಂಟಿಕೊಂಡಿರುವ ಮೂಳೆಯ ಚೂರು ಕಿತ್ತಿರಬಹುದು. ಬೆಳೆಯುವ ಮಕ್ಕಳಲ್ಲಿ ಮೂಳೆ ಬೆಳೆಯುವ ಭಾಗಕ್ಕೇ ಪೆಟ್ಟಾಗಿರುವ ಸಾಧ್ಯತೆಯೂ ಇರುತ್ತದೆ. ಪೆಟ್ಟಾದ ತಕ್ಷಣ ಬಂದರೆ ಹೆಚ್ಚಿನ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬೆರಳ ತುದಿಯನ್ನು ನೆಟ್ಟಗೆ ಹಿಡಿದಿಡುವ ಚಿಕ್ಕ ಪಟ್ಟಿಯನ್ನು ಆರು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಸ್ನಾನ ಮಾಡುವಾಗಲೂ ಬೆರಳು ಬಾಗದಂತೆ, ಕಟ್ಟಿಕೊಂಡಿರಬೇಕು. ತಡವಾದಷ್ಟೂ ಚಿಕಿತ್ಸೆ ಕಷ್ಟವಾಗುತ್ತದೆ, ಆದರೂ ಈಗಲೂ ತೋರಿಸುವುದರಿಂದ ಪ್ರಯೋಜನವಿದೆ. ಕೀಪರುಗಳು ಈ ಪೆಟ್ಟನ್ನು ಸುಳುಕೆಂದು ತಿಳಿದು ಎಣ್ಣೆ ತಿಕ್ಕಿಕೊಂಡು ಕೂರುವುದನ್ನು ನಾನು ಪದೇ ಪದೇ ನೋಡುತ್ತೇನೆ. ಬೆರಳನ್ನು ಎಳೆದು ನೀವುವ ಕೆಲಸವನ್ನಂತೂ ಯಾರಿಂದಲೂ ಮಾಡಿಸಬೇಡಿ.

ಮೊಣಕಾಲಿನ ವಿಷಯ. ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಏಳುವ ಮಕ್ಕಳಿಗೆ, ಎತ್ತರ ಬೇಗ ಬೆಳೆಯುವ ವಯಸ್ಸಿನಲ್ಲಿ, ಮೊಣಕಾಲಿನ ಚಿಪ್ಪಿನ ಕೆಳಗಿರುವ ಮೂಳೆಯ ಉಬ್ಬಿನಲ್ಲಿ ನೋವು ಬರುವುದುಂಟು. ಅದು ಬೆಳವಣಿಗೆ ಮುಗಿದಂತೆ ಸಾಮಾನ್ಯವಾಗಿ ಶಮನವಾಗುತ್ತದೆ. ಆದರೆ ನೋವಿರುವಾಗ ಅಭ್ಯಾಸವನ್ನು ಕಡಿಮೆ ಮಾಡಬೇಕು, ತೊಡೆಯ ಸ್ನಾಯುಗಳನ್ನು ಬಲಪಡಿಸುವ ಮತ್ತು ಸಡಿಲಿಸುವ ವ್ಯಾಯಾಮಗಳನ್ನು ಮಾಡಿಸಬೇಕು.

ಕಣ್ಣಿನ ವಿಷಯದಲ್ಲಿ ನನ್ನದು ಖಂಡಿತವಾದ ಮಾತು. ಸ್ಟಂಪಿನ ಹತ್ತಿರ ನಿಲ್ಲುವಾಗ ಹೆಲ್ಮೆಟ್ ಇಲ್ಲದೆ ಯಾವ ಮಗುವೂ ಕೀಪಿಂಗ್ ಮಾಡಕೂಡದು. 2000ದಲ್ಲಿ ಢಾಕಾದಲ್ಲಿ ಅನಿಲ್ ಕುಂಬ್ಳೆಯವರ ಚೆಂಡು ಬಲಗಣ್ಣಿಗೆ ಬಡಿದು ಭಾರತದ ಕೀಪರ್ ಸಬಾ ಕರೀಂ ಅವರ ವೃತ್ತಿ ಬಹುಬೇಗ ಮುಗಿಯಿತು. ಟೆಸ್ಟ್‌ನಲ್ಲಿ 555 ಮಂದಿಯನ್ನು ಔಟ್ ಮಾಡಿ ವಿಶ್ವದಾಖಲೆ ಬರೆದ ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್ 2012ರ ಜುಲೈಯಲ್ಲಿ ಟಾಂಟನ್ನಿನಲ್ಲಿ ಒಂದು ಅಭ್ಯಾಸ ಪಂದ್ಯ ಆಡುತ್ತಿದ್ದರು. ಇಮ್ರಾನ್ ತಾಹಿರ್ ಬ್ಯಾಟ್ಸ್‌ಮನ್ ಒಬ್ಬರನ್ನು ಬೌಲ್ಡ್ ಮಾಡಿದಾಗ ಹಾರಿದ ಬೇಲ್ ಬೌಚರ್ ಅವರ ಎಡಗಣ್ಣಿಗೆ ಬಡಿಯಿತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಮರುದಿನವೇ ಅವರು ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ ಹೇಳಬೇಕಾಯಿತು. ಕಣ್ಣು ತೆಗೆದದ್ದು ಚೆಂಡೂ ಅಲ್ಲ, ಬೆರಳುದ್ದದ ಮರದ ತುಂಡು ಎಂಬುದನ್ನು ಮಕ್ಕಳಿಗೆ ಹೇಳಿ.

ಶಿರಾ ಗೇಟ್ ನಿವಾಸಿ:

ಇಷ್ಟು ಕಾಳಜಿಯಿಂದ ಬರೆಯುತ್ತಿರುವ ಎಲ್ಲರಿಗೂ ಕೃತಜ್ಞತೆಗಳು. ಅಣ್ಣನಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ದೇಶದ ತಂಡದ ಮಾತಿರಲಿ, ಅಲ್ಲಿಗೆ ಹೋಗುವವರು ಲಕ್ಷಕ್ಕೊಬ್ಬರು, ಅದಕ್ಕಿಂತ ಕೆಳಗೆ ನಿಂತುಹೋದವನ ಜೀವನ ಹೇಗೆ ನಡೆಯುತ್ತದೆ? ತಂದೆಯಾದವರು ಕೇಳಲೇಬೇಕಾದ ಪ್ರಶ್ನೆಯಿದು, ನನ್ನಲ್ಲಿ ಉತ್ತರವಿರಲಿಲ್ಲ.

ಗುಬ್ಬಿಯ ಲೆಕ್ಕಪರಿಶೋಧಕ:

ನಿಮ್ಮ ಅಣ್ಣನವರ ಪ್ರಶ್ನೆಗೆ ಅಂಕಿಗಳಲ್ಲಿಯೇ ಉತ್ತರ ಕೊಡುತ್ತೇನೆ. 2021-22ರ ಋತುವಿನಿಂದ ರಣಜಿ ಟ್ರೋಫಿಯಲ್ಲಿ ಆಡುವ ಹನ್ನೊಂದರಲ್ಲಿ ಇರುವವನಿಗೆ, ಅವನು ಆಡಿದ ಪಂದ್ಯಗಳು 20ರ ಒಳಗಿದ್ದರೆ ದಿನಕ್ಕೆ 40,000 ರೂಪಾಯಿ, 21ರಿಂದ 40ರವರೆಗೆ 50,000, ಅದಕ್ಕೂ ಮೇಲಿದ್ದರೆ 60,000 ನಿಗದಿಯಾಯಿತು. ಪಂದ್ಯ ನಾಲ್ಕು ದಿನದ್ದು; ಕರ್ನಾಟಕದಂಥ ಎಲೀಟ್ (ಮೇಲಿನ) ವಿಭಾಗದ ತಂಡಕ್ಕೆ ಲೀಗ್ ಹಂತದಲ್ಲಿ ಏಳು ಪಂದ್ಯಗಳಿರುತ್ತವೆ. ಅಂದರೆ ಹೊಸಬನೊಬ್ಬ ಏಳನ್ನೂ ಆಡಿದರೆ 11,20,000 ರೂಪಾಯಿ ಆಯಿತು. ಬಹಳ ಒಳ್ಳೆಯ ಸಂಪಾದನೆಯೇ. ಆದರೆ ಹಳೆಯ ಕೀಪರ್ ಹೇಳಿದ ಒಂದೇ ಜಾಗದ ಸಂಗತಿ ಲೆಕ್ಕದಲ್ಲಿಯೂ ಕಾಣುತ್ತದೆ: ಮೀಸಲು ಆಟಗಾರನಿಗೆ ಸಿಗುವುದು ಅದರ ಅರ್ಧ. ಎರಡನೆಯ ಕೀಪರ್ ತಂಡದೊಂದಿಗೆ ಊರೂರು ಸುತ್ತಿ, ನೆಟ್ಸ್‌ನಲ್ಲಿ ಅಷ್ಟೇ ದುಡಿದು, ಅರ್ಧ ಸಂಬಳ ಪಡೆದು ಬರುತ್ತಾನೆ. ಅವನ ಆಡಿದ ಪಂದ್ಯಗಳ ಸಂಖ್ಯೆಯೂ ಏರುವುದಿಲ್ಲವಾದ್ದರಿಂದ ಮುಂದಿನ ಹಂತದ ಸಂಭಾವನೆಗೂ ಏರುವುದಿಲ್ಲ. ದೇಶದಲ್ಲಿ ರಣಜಿ ಆಡುವ ತಂಡಗಳು 38. ಹೀಗಾಗಿ ಒಂದು ದಿನದಲ್ಲಿ ಭಾರತದಲ್ಲಿ ರಣಜಿ ಕೀಪರುಗಳಿಗಿರುವ ಜಾಗ 38 ಮಾತ್ರ, ಕರ್ನಾಟಕಕ್ಕೆ ಒಂದು. ನಮ್ಮಲ್ಲಿ ಜಾಗ ಸಿಗದವರು ಬೇರೆ ರಾಜ್ಯಕ್ಕೆ ಆಡಲು ಹೋಗುವುದೂ ಉಂಟು, ರೈಲ್ವೆಯಂಥ ತಂಡಗಳಲ್ಲಿ ನೌಕರಿಯೊಂದಿಗೆ ಆಡುವುದೂ ಉಂಟು. ಕ್ರೀಡಾ ಮೀಸಲಾತಿಯಡಿ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಸಿಗಬೇಕಾದರೂ ಪದವಿ ಕೈಯಲ್ಲಿರುವುದು ಒಳ್ಳೆಯದು. ಆದ್ದರಿಂದ ಓದನ್ನು ಬಿಡಿಸುವ ಮಾತನ್ನು ಯಾರೇ ಹೇಳಿದರೂ ಕೇಳಬೇಡಿ. ವಿಜ್ಞಾನವೇ ಆಗಬೇಕೆಂದಿಲ್ಲ; ಅಭ್ಯಾಸಕ್ಕೆ ಬೆಳಗ್ಗೆ ಸಂಜೆ ಸಮಯ ಉಳಿಸುವ ವಿಷಯವನ್ನು ಆರಿಸಿಕೊಳ್ಳಲಿ.

ತಿಪಟೂರಿನ ಓದುಗ:

ಲೆಕ್ಕಪರಿಶೋಧಕರು ಹೇಳಿದ ಎರಡನೆಯ ಕೀಪರನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಯನ್ ಮೋಂಗಿಯಾ ಅವರ ಜಾಗಕ್ಕೆ, 1999ರಿಂದ 2004ರವರೆಗೆ, ಭಾರತ ತಂಡ ಎಂ.ಎಸ್.ಕೆ. ಪ್ರಸಾದ್, ಸಬಾ ಕರೀಂ, ಸಮೀರ್ ದಿಘೆ, ವಿಜಯ್ ದಹಿಯಾ, ದೀಪ್ ದಾಸಗುಪ್ತ, ಅಜಯ್ ರಾತ್ರಾ, ಪಾರ್ಥಿವ್ ಪಟೇಲ್, ದಿನೇಶ್ ಕಾರ್ತಿಕ್ ಎಂದು ಒಬ್ಬರ ಹಿಂದೊಬ್ಬರನ್ನು ಪರೀಕ್ಷಿಸಿತು. ಆಮೇಲೆ ರಾಂಚಿಯಿಂದ ಧೋನಿ ಬಂದರು. ಮೊದಲು ಶಾಲೆಯ ಫುಟ್‌ಬಾಲ್ ತಂಡದ ಗೋಲ್ ಕೀಪರ್ ಆಗಿದ್ದವರು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 195 ಸ್ಟಂಪಿಂಗ್ ಮಾಡಿದರು, ಉಳಿದ ಕೀಪರುಗಳಿಗೆ ವರ್ಷಾನುಗಟ್ಟಲೆ ಬಾಗಿಲು ಮುಚ್ಚಿಯೇ ಇತ್ತು. 2002ರಲ್ಲಿ ತಮ್ಮ 17ನೆಯ ವಯಸ್ಸಿನಲ್ಲಿಯೇ ಟೆಸ್ಟ್ ಆಡಿದ್ದ ಪಾರ್ಥಿವ್, 2008ರ ನಂತರ ಮುಂದಿನ ಟೆಸ್ಟ್ ಆಡಿದ್ದು 2016ರಲ್ಲಿ. ಹಳೆಯ ಕೀಪರ್ ಹೇಳಿದ ಕಾಯುವಿಕೆ ಇಂದಿಗೂ ತಪ್ಪಿಲ್ಲವೆಂಬುದನ್ನು ಒಪ್ಪುತ್ತೇನೆ. ಹಾಗಿದ್ದ ಮೇಲೆ, ಆ ಎಂಟು ವರ್ಷ ಪಾರ್ಥಿವ್ ಗುಜರಾತ್ ತಂಡದಲ್ಲಿ ಉಳಿದದ್ದು ಬ್ಯಾಟಿನಿಂದ ಎಂಬ ನನ್ನ ಮಾತನ್ನೂ ತಾವು ಒಪ್ಪಬೇಕು.

ಕ್ಯಾತ್ಸಂದ್ರದ ಹಳೆಯ ಕೀಪರ್:

ಒಪ್ಪುತ್ತೇನೆ. ಬುಧಿ ಕುಂದರನ್ ಅವರನ್ನು ನೆನೆದರೆ ನಿಮ್ಮ ಮಾತು ಇನ್ನೂ ಗಟ್ಟಿಯಾಗುತ್ತದೆ. ಮೂಲ್ಕಿಯಲ್ಲಿ ಹುಟ್ಟಿದವರು; 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು, ಆ ಸರಣಿಯಲ್ಲಿ 525 ರನ್ ಸೇರಿಸಿದರು. ಗಿಲ್‌ಕ್ರಿಸ್ಟ್ ಹುಟ್ಟುವುದಕ್ಕೂ ಮೊದಲೇ ಹೀಗೆ ಆಡಿದ ಕೀಪರ್ ನಮ್ಮ ಕರಾವಳಿಯವರು. ಆದರೂ ಎಂಜಿನಿಯರ್ ಜೊತೆಗಿನ ಪೈಪೋಟಿಯಲ್ಲಿ ಅವರಿಗೆ ಸಿಕ್ಕಿದ್ದು 18 ಟೆಸ್ಟ್ ಮಾತ್ರ. ಬ್ಯಾಟಿದ್ದರೂ ಜಾಗ ಒಂದೇ ಆಗಿತ್ತು.

ಈಗ ಶಿರಾ ಗೇಟಿನವರಿಗೆ ಕೆಲಸದ ಮಾತು. ಹತ್ತನೆಯ ತರಗತಿ ಎಂದಿರಿ. ಹದಿನಾರರ ಒಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿಯ ವಯಸ್ಸು ಅವನಿಗೆ ಮುಗಿಯುತ್ತಾ ಬಂದಿರಬಹುದು. ಇನ್ನು ಗುರಿಯಿಡಬೇಕಾದದ್ದು ಹತ್ತೊಂಬತ್ತರ ಒಳಗಿನವರ ಕೂಚ್ ಬೆಹಾರ್ ಟ್ರೋಫಿಗೆ, ಅದಕ್ಕೆ ಮೊದಲು ತುಮಕೂರು ವಲಯದ ತಂಡಕ್ಕೆ. ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಮೂರರಲ್ಲಿಯೂ ಹುಟ್ಟಿದ ದಿನಾಂಕ ಮತ್ತು ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಇಂದೇ ನೋಡಿ. ಆಯ್ಕೆಯ ದಿನ ಆಟದಿಂದಲ್ಲದೆ ಕಾಗದದಿಂದ ಹಿಂದೆ ಬಂದ ಮಕ್ಕಳನ್ನು ನೋಡಿ ಹೊಟ್ಟೆ ಉರಿದಿದೆ.

ಅಭ್ಯಾಸಕ್ಕೆ ಗೋಡೆಯೊಂದು ಸಾಕು. ಟೆನಿಸ್ ಚೆಂಡನ್ನು ಗೋಡೆಗೆ ಎಸೆದು, ಕುಳಿತ ಭಂಗಿಯಲ್ಲಿಯೇ, ಮೊದಲು ಬಲಗೈಯೊಂದರಲ್ಲಿ, ಆಮೇಲೆ ಎಡಗೈಯೊಂದರಲ್ಲಿ ಹಿಡಿಯಲಿ. ಗ್ಲೌಸ್ ಇಲ್ಲದೆ ಹಿಡಿದರೆ ಚೆಂಡು ಬೆರಳುಗಳ ಬುಡಕ್ಕೆ ಬರುತ್ತಿದೆಯೋ ಅಂಗೈಯ ಗಟ್ಟಿ ಭಾಗಕ್ಕೆ ಬಡಿಯುತ್ತಿದೆಯೋ ಎಂಬುದು ತಿಳಿಯುತ್ತದೆ. ನಮ್ಮ ಕಡೆಯ ಮಕ್ಕಳು ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್) ಮೇಲೆ ಬೆಳೆದವರಾದ್ದರಿಂದ ಅವರಿಗೆ ಪುಟಿತ ಎತ್ತರಕ್ಕೆ ಬರುವುದೇ ರೂಢಿ. ಅದೇ ಅಭ್ಯಾಸದಲ್ಲಿ ಟರ್ಫ್ ವಿಕೆಟ್ಟಿಗೆ (ಹುಲ್ಲು ಬೆಳೆಸಿ ಹದಮಾಡಿದ ಮಣ್ಣಿನ ಪಿಚ್) ಹೋದಾಗ ಬೇಗ ಎದ್ದುಬಿಡುತ್ತಾರೆ, ಚೆಂಡು ಕೆಳಗೆ ನುಸುಳುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಟರ್ಫ್ ಇರುವ ಕಡೆ ಅಭ್ಯಾಸ ಸಿಗುವಂತೆ ನೋಡಿಕೊಳ್ಳಬೇಕು. ಮುಂದೆ ಬೆಂಗಳೂರಿನ ಲೀಗ್ ತಂಡವೊಂದಕ್ಕೆ ಸೇರಿಸಬೇಕು. ಸುಮಾರು ಎಪ್ಪತ್ತು ಕಿಲೋಮೀಟರ್ ದೂರ, ಬೆಳಗಿನ ರೈಲಿದೆ, ಇಲ್ಲಿಂದ ಓಡಾಡಿಯೇ ಆಡಿದವರಿದ್ದಾರೆ. ಲೀಗಿನಲ್ಲಿ ಆರಂಭಿಕ ಬ್ಯಾಟ್ಸ್‌ಮನ್ ಆಗಿಯೂ ಇಳಿಸಿ ಎಂದು ಕೇಳಿಕೊಳ್ಳಲಿ. ಐವತ್ತು ಓವರ್ ಕೀಪಿಂಗ್ ಮಾಡಿದವನಿಗೆ ಚೆಂಡಿನ ವೇಗ, ಪುಟಿತ ಎರಡೂ ಗೊತ್ತಿರುತ್ತವೆ. ಹೊಸ ಚೆಂಡನ್ನು ಎದುರಿಸುವುದಕ್ಕೆ ಅದು ದೊಡ್ಡ ಅನುಕೂಲ. ತಿಪಟೂರಿನವರ ಕಾಳಜಿಗೂ ಇದರಲ್ಲಿ ಉತ್ತರವಿದೆ.

ಚಿಂತಾಮಣಿಯ ತಾಯಿ:

ಡಾಕ್ಟರ್ ಸರ್, ಎಕ್ಸ್‌ರೇ ತೆಗೆಸಿದೆವು. ಮೂಳೆಯ ಚಿಕ್ಕ ಚೂರು ಕಿತ್ತಿದೆ ಎಂದರು. ಪಟ್ಟಿ ಕಟ್ಟಿದ್ದಾರೆ, ಮತ್ತೆ ತೋರಿಸಲು ಹೇಳಿದ್ದಾರೆ. ನೀವು ಬರೆಯದಿದ್ದರೆ ನಾವು ಇನ್ನೂ ಕಾಯುತ್ತಿದ್ದೆವು. ಮಗಳು ಬೆರಳಿಗೆ ಪಟ್ಟಿ ಇರುವಾಗ ಕುಳಿತು ಏಳುವ ಅಭ್ಯಾಸವನ್ನಾದರೂ ಮಾಡಬಹುದೇ ಎಂದು ಕೇಳುತ್ತಿದ್ದಾಳೆ.

ಮೂಳೆ ವೈದ್ಯ, ತುಮಕೂರು:

ಕಾಲಿನ ವ್ಯಾಯಾಮಗಳನ್ನು ಧಾರಾಳವಾಗಿ ಮಾಡಲಿ ಅಮ್ಮ. ಚೆಂಡನ್ನು ಮಾತ್ರ, ಟೆನಿಸ್ ಚೆಂಡಾದರೂ ಸರಿಯೇ, ನಿಮ್ಮ ವೈದ್ಯರು ಅನುಮತಿ ಕೊಡುವ ತನಕ ಮುಟ್ಟಬಾರದು.

ಶಿರಾ ಗೇಟ್ ನಿವಾಸಿ:

ಅಣ್ಣ ಒಪ್ಪಿದ್ದಾರೆ. ಹುಡುಗ ಪಿಯುಸಿಯಲ್ಲಿ ವಾಣಿಜ್ಯ ವಿಷಯ ತೆಗೆದುಕೊಳ್ಳುತ್ತಾನೆ, ಪದವಿ ಮುಗಿಸಲೇಬೇಕು ಎಂಬ ಷರತ್ತಿಗೆ ಅವನೂ ತಲೆದೂಗಿದ್ದಾನೆ. ಹತ್ತೊಂಬತ್ತರ ಒಳಗಿನವರ ತಂಡದ ವಯಸ್ಸು ಮುಗಿಯುವ ತನಕ ಅಭ್ಯಾಸದ ಖರ್ಚು ನನ್ನದು, ಆಮೇಲೆ ಮೂವರೂ ಕುಳಿತು ಮತ್ತೆ ಯೋಚಿಸುವುದೆಂದು ಮಾತಾಗಿದೆ. ದಾಖಲೆಗಳನ್ನು ನೋಡಿದಾಗ ಆಧಾರಿನಲ್ಲಿ ತಂದೆಯ ಹೆಸರಿನ ಇನಿಷಿಯಲ್ ಬೇರೆಯಾಗಿತ್ತು, ತಿದ್ದುಪಡಿಗೆ ಕೊಟ್ಟಿದ್ದೇವೆ. ಕ್ಯಾತ್ಸಂದ್ರದ ಹಿರಿಯರು ಅನುಮತಿಸಿದರೆ ಹುಡುಗನನ್ನು ಒಮ್ಮೆ ಅವರ ಬಳಿ ಕರೆತರುವ ಆಸೆಯಿದೆ.

ಕ್ಯಾತ್ಸಂದ್ರದ ಹಳೆಯ ಕೀಪರ್:

ಭಾನುವಾರ ಬೆಳಗ್ಗೆ ಆರೂವರೆಗೆ ಕರೆತನ್ನಿ ಸರ್. ಹೆಲ್ಮೆಟ್ ಕಡ್ಡಾಯ. ಗ್ಲೌಸಿನೊಳಗೆ ತೊಡುವ ಹತ್ತಿಯ ಇನ್ನರ್ ಎರಡು ಜೊತೆ ಇರಲಿ, ಒಂದು ಬೆವರಿನಿಂದ ಒದ್ದೆಯಾದಾಗ ಬದಲಾಯಿಸಲು ಬೇಕಾಗುತ್ತದೆ. ಹೊಸ ಗ್ಲೌಸ್ ಕೊಳ್ಳುವುದಿದ್ದರೆ ಈಗಲೇ ಬೇಡ, ನಾನು ಅವನ ಕೈ ನೋಡಿದ ಮೇಲೆ ಕೊಳ್ಳೋಣ. ಬ್ಯಾಟನ್ನೂ ಮರೆಯದೆ ತರಲಿ. ಮೊದಲ ಒಂದು ಗಂಟೆ ಕೀಪಿಂಗ್, ಆಮೇಲೆ ಹೊಸ ಚೆಂಡಿಗೆ ಬ್ಯಾಟಿಂಗ್.